ಕಿಂಗ್ಸ್ ಸರ್ಕಲ್‌ನ ಜಲೇಬಿ ಪುಸ್ತಕದ ಅಂಗಡಿ

"ಮೇಡಂ, ಆಪ್‌ಕಾ ಜಲೇಬಿ ಆಯಾ ಹೈ." ಫೋನಿನಲ್ಲಿ ಇಷ್ಟೇ ಹೇಳಿ ಇಟ್ಟುಬಿಡುತ್ತಾನೆ. ಮೊದಲ ಸಲ ನನ್ನ ಗಂಡ ಫೋನ್ ಎತ್ತಿದ್ದರು. "ಯಾರೋ ಮಿಠಾಯಿ ಅಂಗಡಿಯವನು, ರಾಂಗ್ ನಂಬರ್" ಅಂದರು. ಮಿಠಾಯಿಯವನಲ್ಲ, ಪುಸ್ತಕದವನು. ಕನ್ನಡ ಅಕ್ಷರ ಅವನ ಕಣ್ಣಿಗೆ ಜಲೇಬಿ. ಹಾಗಾಗಿ ನಾನು ಜಲೇಬಿ ಮೇಡಂ.

ಅಂಗಡಿಗೆ ಹೆಸರಿಲ್ಲ, ಬೋರ್ಡಿಲ್ಲ, ಬಾಗಿಲೂ ಇಲ್ಲ. ಮುಂಬೈಯ ಮಾಟುಂಗಾದ ಕಿಂಗ್ಸ್ ಸರ್ಕಲ್‌ನಲ್ಲಿ ಮಹೇಶ್ವರಿ ಉದ್ಯಾನದ ಹತ್ತಿರ ಫುಟ್‌ಪಾತಿನ ಮೇಲೆ ಹಳೇ ಪುಸ್ತಕದವರು ಕೂತಿರುತ್ತಾರಲ್ಲ, ಅವರಲ್ಲಿ ಒಬ್ಬ. ಅಲ್ಲಿ ಸಿಗುವುದು ಜಾಸ್ತಿ ಕಾಲೇಜು ಪುಸ್ತಕ. ವಿಜೆಟಿಐ, ಖಾಲ್ಸಾ, ರುಯಿಯಾ, ಪೋದಾರ್ ಎಲ್ಲ ಆ ಕಡೆಯೇ ಇರುವುದರಿಂದ ಇಂಜಿನಿಯರಿಂಗ್ ಗೈಡುಗಳು ಇಟ್ಟಿಗೆ ಹಾಗೆ ಪೇರಿಸಿರುತ್ತವೆ. ಕನ್ನಡ ಪುಸ್ತಕ ಮೇಲೆ ಕಾಣಿಸುವುದಿಲ್ಲ. ಕೇಳಬೇಕು. ಕೇಳಿದರೆ ಹಿಂದಿನ ನೀಲಿ ಟಾರ್ಪಾಲು ಎತ್ತಿ, ಸೆಣಬಿನ ಹಗ್ಗದಲ್ಲಿ ಕಟ್ಟಿದ ಕಟ್ಟೊಂದನ್ನು ಎಳೆದು ನಮ್ಮ ಕಾಲ ಬುಡಕ್ಕೆ ಹಾಕುತ್ತಾನೆ. ಕೂತು ನೋಡೋಕೆ ಒಂದು ಪ್ಲಾಸ್ಟಿಕ್ ಸ್ಟೂಲು. ಒಂದು ಕಾಲು ಗಿಡ್ಡ, ಹಾಗಾಗಿ ಕೆಳಗೆ ಹಳೇ ಕೆಮಿಸ್ಟ್ರಿ ಗೈಡು ಇಟ್ಟಿದ್ದಾನೆ.

ಇಲ್ಲಿಗೆ ಬರುವ ಮುಂಚೆ ಸುಮಾರು ಎಂಟು ವರ್ಷ ನಾನು ಒಂದು ಪುಸ್ತಕವನ್ನೂ ಪೂರ್ತಿ ಓದಿರಲಿಲ್ಲ. ಟೈಮಿಲ್ಲ ಅಂತ ಎಲ್ಲರ ಹತ್ತಿರ ಹೇಳುತ್ತಿದ್ದೆ. ಅದು ಸುಳ್ಳು. ಡೊಂಬಿವಲಿಯಿಂದ ದಾದರಿಗೆ ದಿನಾ ಹೋಗಿ ಬರುವವಳು ನಾನು. ಲೇಡೀಸ್ ಡಬ್ಬಿಯಲ್ಲಿ ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ. ಟೈಮಿಗೇನು ಬರ? ತೊಂದರೆ ಬೇರೆಯದು. ಕುಮಟಾದಲ್ಲಿ ನಮ್ಮ ಅಮ್ಮ ಒಂದು ಪಾಠ ಕಲಿಸಿದ್ದರು: ತಟ್ಟೆಯಲ್ಲಿ ಅನ್ನ ಬಿಡಬಾರದು, ಪುಸ್ತಕ ಅರ್ಧಕ್ಕೆ ಬಿಡಬಾರದು. ಯಾರೋ ಬಹಳ ಹೊಗಳಿದ ಒಂದು ದಪ್ಪ ಕಾದಂಬರಿ ತರಿಸಿಕೊಂಡಿದ್ದೆ. 140ನೇ ಪುಟಕ್ಕೆ ಬಂದು ನಿಂತೆ. ಮುಂದೆ ಹೋಗಲೊಲ್ಲದು. ಬೇರೆ ಪುಸ್ತಕ ಹಿಡಿಯೋಣ ಅಂದರೆ ಇದು ದಿಂಬಿನ ಪಕ್ಕದಿಂದ ನೋಡುತ್ತದೆ. ಮುಗಿಸಿಯೇ ಇನ್ನೊಂದು ಅಂತ ಹಟ. ಅದೂ ಮುಗಿಯಲಿಲ್ಲ, ಇನ್ನೊಂದೂ ಶುರುವಾಗಲಿಲ್ಲ. ಕೊನೆಗೆ ಅದರ ಮೇಲೆ ಮೊಬೈಲ್ ಚಾರ್ಜರ್ ಕೂತಿತು.

ಈ ಅಂಗಡಿಯ ಮುಖ್ಯ ಸಂಗತಿ ಇರುವುದು ಇಲ್ಲೇ. ಇವನು ಪುಸ್ತಕವನ್ನು ವಾಪಸ್ ತಗೊಳ್ಳುತ್ತಾನೆ. ಎಷ್ಟಕ್ಕೆ ಕೊಟ್ಟನೋ ಅದರ ಅರ್ಧಕ್ಕೆ. ಮುಂಬೈ ಫುಟ್‌ಪಾತಿನಲ್ಲಿ ಹೀಗೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಇಂಗ್ಲಿಷ್ ಕಾದಂಬರಿಗೆ. ಕನ್ನಡಕ್ಕೂ ಮಾಡುವವನು ನನಗೆ ಸಿಕ್ಕಿದ್ದು ಇವನೊಬ್ಬ. ಕೊನೆಯ ಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಒಂದು ಸೊನ್ನೆ ಸುತ್ತಿ ಒಳಗೆ ರೇಟು ಬರೆಯುತ್ತಾನೆ. ವಾರ ಬಿಟ್ಟು ತನ್ನಿ, ವರ್ಷ ಬಿಟ್ಟು ತನ್ನಿ, ಆ ಸೊನ್ನೆ ನೋಡಿ ಅರ್ಧ ದುಡ್ಡು ಎಣಿಸುತ್ತಾನೆ. 80 ರೂಪಾಯಿ ಕೊಟ್ಟು ತಂದ ಪುಸ್ತಕ ಹಿಡಿಸಲಿಲ್ಲ ಅಂದರೆ ನಷ್ಟ 40. ಎರಡು ವಡಾಪಾವಿನ ದುಡ್ಡು. ಅಷ್ಟಕ್ಕೆ ಅಮ್ಮನ ಶಾಪ ತಟ್ಟುವುದಿಲ್ಲ ಅಂತ ಮನಸ್ಸಿಗೆ ಸಮಾಧಾನ ಮಾಡಿಕೊಂಡೆ. 30 ಪುಟ ಓದುತ್ತೇನೆ, ಅಂದರೆ ಡೊಂಬಿವಲಿಯಿಂದ ಹೆಚ್ಚುಕಡಿಮೆ ಕುರ್ಲಾ. ಅಷ್ಟರಲ್ಲಿ ಹಿಡಿದುಕೊಂಡಿಲ್ಲ ಅಂದರೆ ಚೀಲದ ತಳಕ್ಕೆ. ಭಾನುವಾರ ವಾಪಸ್. ಹೀಗೆ ಬಿಡೋಕೆ ಶುರುಮಾಡಿದ ಮೇಲೆಯೇ ನಾನು ಮತ್ತೆ ಓದೋಕೆ ಶುರುಮಾಡಿದ್ದು. ಹೋದ ವರ್ಷ 31 ಪುಸ್ತಕ ಮುಗಿಸಿದೆ, 19 ಬಿಟ್ಟೆ. ಬಿಟ್ಟದ್ದರ ಲೆಕ್ಕವನ್ನೂ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಅದರಲ್ಲಿ ದೊಡ್ಡ ದೊಡ್ಡ ಹೆಸರುಗಳಿವೆ, ಇಲ್ಲಿ ಬೇಡ ಬಿಡಿ.

ರೇಟಿನ ಲೆಕ್ಕ ಕೇಳಿದರೆ ನಗು ಬರುತ್ತದೆ. ಓದಲು ಬರದ ಭಾಷೆ, ಹಾಗಾಗಿ ಬೆರಳ ಅಳತೆ. ಪುಸ್ತಕದ ಬೆನ್ನಿಗೆ ಬೆರಳು ಇಟ್ಟು ನೋಡುತ್ತಾನೆ. ಒಂದು ಬೆರಳು ದಪ್ಪ 40, ಎರಡಕ್ಕೆ 80, ಮೂರಕ್ಕೆ 120. ಕವನ ಸಂಕಲನ ಯಾವಾಗಲೂ ಅಗ್ಗ, ಪಂಚಾಂಗ ದುಬಾರಿ. ಚೌಕಾಸಿ ಮಾಡೋಕೆ ಹೋಗಬೇಡಿ, ಕೋಪ ಬರುತ್ತದೆ. ಬೆಳಿಗ್ಗೆ ಬೋಣಿ ಟೈಮಿಗೆ ಹೋದರೆ ಅವನೇ ಹತ್ತು ರೂಪಾಯಿ ಬಿಡುತ್ತಾನೆ.

ಇನ್ನು ಮಾಲು. ಎಲ್ಲಿಂದ ಬರುತ್ತದೆ ಇಷ್ಟು ಕನ್ನಡ ಪುಸ್ತಕ? ಕೇಳಬೇಕಾಗಿಯೇ ಇರಲಿಲ್ಲ. ಮಾಟುಂಗಾ, ಸಯನ್, ವಡಾಲಾ ನಮ್ಮವರ ಹಳೇ ಠಿಕಾಣಿ. ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ 1926ರದ್ದು, ಅಂದರೆ ನೂರು ವರ್ಷದ ಲೆಕ್ಕ. ಆ ಕಾಲದಿಂದ ಬಂದು ನೆಲೆ ನಿಂತವರ ಮನೆಗಳು ಈಗ ರಿಡೆವಲಪ್‌ಮೆಂಟಿಗೆ ಹೋಗುತ್ತಿವೆ. ಮೂರು ಮಹಡಿಯ ಕಟ್ಟಡ ಖಾಲಿ ಮಾಡುವಾಗ ಮೊದಲು ಹೊರಗೆ ಬೀಳುವುದು ಅಜ್ಜನ ಕಪಾಟು. ಮಕ್ಕಳಿಗೆ ಕನ್ನಡ ಮಾತಾಡೋಕೆ ಬರುತ್ತದೆ, ಓದೋಕೆ ಬರುವುದಿಲ್ಲ. ರದ್ದಿಯವನು ಕಿಲೋ ಲೆಕ್ಕದಲ್ಲಿ ಒಯ್ಯುತ್ತಾನೆ. ಅವನಿಂದ ಇವನಿಗೆ.

ಕೇಳಿದರೆ ಸಂಕಟ ಆಗುತ್ತದೆ, ಹೌದು. ಆದರೆ ಓದುವವರಿಗೆ ಇದರಲ್ಲಿ ಒಂದು ಲಾಭ ಇದೆ. ಕಟ್ಟು ಒಡೆದಿರುವುದಿಲ್ಲ. ಒಬ್ಬರ ಕಪಾಟು ಪೂರ್ತಿ ಒಂದೇ ಹಗ್ಗದಲ್ಲಿ ಬರುತ್ತದೆ. ಹೋದ ದೀಪಾವಳಿಗೆ ಬಂದ ಕಟ್ಟಿನ ಯಜಮಾನರಿಗೆ ಹೋಮಿಯೋಪತಿಯೂ ಪ್ರವಾಸ ಕಥನವೂ ಪ್ರಾಣ ಅಂತ ಕಾಣುತ್ತದೆ. ಹಿಮಾಲಯಕ್ಕೆ ಹೋದವರ ಪುಸ್ತಕವೇ ಏಳು. ಎಲ್ಲದರಲ್ಲೂ ಊಟದ ವಿಷಯ ಬಂದ ಕಡೆ ಮಾತ್ರ ಕೆಂಪು ಗೆರೆ ಎಳೆದಿದ್ದಾರೆ. ಬದರಿಯಲ್ಲಿ ಸಿಕ್ಕ ಬಿಸಿ ಖಿಚಡಿಗೆ ಎರಡು ಗೆರೆ. ಪ್ರವಾಸ ಕಥನ ನಾನು ಜನ್ಮದಲ್ಲಿ ಮುಟ್ಟಿದವಳಲ್ಲ. ಆ ಕೆಂಪು ಗೆರೆಗಳ ಹಿಂದೆ ಹೋಗಿ ನಾಲ್ಕು ಓದಿದೆ. ಮನುಷ್ಯ ಹೋಗಿ ಎಷ್ಟು ವರ್ಷವಾಯಿತೋ ಏನೋ, ಪುಸ್ತಕ ಮಾತ್ರ ಸರಿಯಾಗಿ ಆರಿಸಿಕೊಟ್ಟರು.

ಆನ್‌ಲೈನಿನಲ್ಲಿ ನನಗೆ ಇದು ಆಗಲಿಲ್ಲ. ಒಂದು ದೊಡ್ಡ ಆನ್‌ಲೈನ್ ಅಂಗಡಿಯಲ್ಲಿ ಅತ್ತೆಗೆ ಅಂತ ಒಂದು ಉಪ್ಪಿನಕಾಯಿ ಪುಸ್ತಕ ತರಿಸಿದೆ. ಅಷ್ಟೇ. ಆವತ್ತಿನಿಂದ ನನಗೆ ಅದು ತೋರಿಸುವುದೆಲ್ಲ ಅಡುಗೆ ಪುಸ್ತಕ, ಬರಣಿ, ಮರದ ಸೌಟು. ಒಂದು ಸಲ ಏನು ಕೊಂಡೆವೋ ಅದನ್ನೇ ತಿರುಗಿಸಿ ತಿರುಗಿಸಿ ಬಡಿಸುತ್ತದೆ. ನಮ್ಮ ಮಾವನವರ ಕಾಲ ಬೇರೆ ಇತ್ತು. ಅವರು ಧಾರವಾಡದ ಮನೋಹರ ಗ್ರಂಥಮಾಲೆಗೆ ಚಂದಾದಾರರು. 1933ರಲ್ಲಿ ಶುರುವಾದದ್ದು ಅದು. ಚಂದಾ ಕಟ್ಟಿದರೆ ಅವರು ಹೊರತಂದ ಪುಸ್ತಕ ಅಂಚೆಯಲ್ಲಿ ಮನೆಗೆ ಬರುತ್ತಿತ್ತು. ಯಾವುದು ಬರುತ್ತದೆ ಅಂತ ಮಾವ ಆರಿಸುತ್ತಿರಲಿಲ್ಲ. ಬಂದದ್ದನ್ನು ಓದುತ್ತಿದ್ದರು, ಹಿಡಿಸದಿದ್ದರೆ ಊಟದ ಹೊತ್ತಿಗೆ ಬೈಯುತ್ತಿದ್ದರು. ಫೋರ್ಟಿನ ಸ್ಟ್ರಾಂಡ್ ಬುಕ್ ಸ್ಟಾಲೂ ನೆನಪಾಗುತ್ತದೆ. ನಮ್ಮ ಕಡೆಯ ಟಿ.ಎನ್. ಶಾನಭಾಗರು 1948ರಲ್ಲಿ ಸ್ಟ್ರಾಂಡ್ ಸಿನೆಮಾದಲ್ಲಿ ಸಣ್ಣದಾಗಿ ಶುರುಮಾಡಿದ್ದು. ಪುಸ್ತಕ ಮಾರಿ ಪದ್ಮಶ್ರೀ ಪಡೆದ ಮನುಷ್ಯ. ಮದುವೆಯಾಗಿ ಮುಂಬೈಗೆ ಬಂದ ಹೊಸತರಲ್ಲಿ ನನ್ನ ಗಂಡ ನನ್ನನ್ನು ಮೊದಲು ಕರೆದುಕೊಂಡು ಹೋದದ್ದು ಗೇಟ್‌ವೇಗಲ್ಲ, ಅಲ್ಲಿಗೆ. 2018ರಲ್ಲಿ ಅದೂ ಮುಚ್ಚಿತು. ಆ ಮೇಲೆ ಇನ್ನೊಬ್ಬರ ಕೈಯಿಂದ ಪುಸ್ತಕ ಸಿಗುವ ಜಾಗ ನನಗೆ ಇದೇ.

ಇವನು ಓದಿ ಹೇಳುವವನಲ್ಲ, ಅದು ಬೇರೆ ಮಾತು. ಮೊದಮೊದಲು ಕನ್ನಡ ಯಾವುದು ತೆಲುಗು ಯಾವುದು ಅಂತಲೂ ಗೊತ್ತಿರಲಿಲ್ಲ. ಎರಡೂ ಜಲೇಬಿಯೇ. ಒಮ್ಮೆ ಜಲೇಬಿ ಬಂದಿದೆ ಅಂತ ಫೋನ್ ಮಾಡಿದ. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋದೆ. ಕಟ್ಟು ಬಿಚ್ಚಿದರೆ 22 ಪುಸ್ತಕ, ಎಲ್ಲವೂ ತೆಲುಗು! ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅವನಿಗೆ ಅವಮಾನವಾಯಿತು, ಕಟಿಂಗ್ ಚಹಾ ತರಿಸಿದ. ಆವತ್ತು ಫುಟ್‌ಪಾತಿನ ಮೇಲೆ ಕೂತು ನಾನು ಅವನಿಗೆ ತಲಕಟ್ಟಿನ ಪಾಠ ಮಾಡಿದೆ. "ನೋಡು ಭಾಯ್, ಅಕ್ಷರದ ತಲೆ ಮೇಲೆ ರೈಟ್ ಮಾರ್ಕ್ ಹಾಕಿದ ಹಾಗಿದ್ದರೆ ತೆಲುಗು. ಅಡ್ಡ ಗೆರೆ ಎಳೆದ ಹಾಗಿದ್ದರೆ ನಮ್ಮದು." ಎರಡು ಪುಸ್ತಕ ಅಕ್ಕಪಕ್ಕ ಇಟ್ಟುಕೊಂಡು, ಕನ್ನಡಕ ಏರಿಸಿ ನೋಡಿದ. "ಮತ್ತಲಬ್ ಟೋಪಿ ಸೀದಾ ಹೈ ತೋ ಆಪ್‌ಕಾ" ಅಂದ. ಟೋಪಿ ನೇರ ಇದ್ದರೆ ಕನ್ನಡ. ಆಮೇಲೆ ಒಂದು ಸಲವೂ ತಪ್ಪಿಲ್ಲ. ನನ್ನ ಮಗನಿಗೆ ಇಷ್ಟು ಬೇಗ ಕಲಿಸೋಕೆ ಆಗಿರಲಿಲ್ಲ.

ಕೊಳ್ಳುವ ಮುಂಚೆ ನೋಡಿಕೊಳ್ಳಬೇಕಾದ್ದು ಸ್ವಲ್ಪ ಇದೆ. ಅವನ ತಪ್ಪಲ್ಲ, ಹಳೇ ಮಾಲಿನ ಗುಣ. ಪುಸ್ತಕ ಒಂದೊಂದೇ ಹಾಳೆಯಾಗಿ ಅಚ್ಚಾಗುವುದಿಲ್ಲ, ಫಾರಂ ಲೆಕ್ಕದಲ್ಲಿ, ಅಂದರೆ ಮಡಚುವ ದೊಡ್ಡ ಹಾಳೆಯ ಲೆಕ್ಕದಲ್ಲಿ ಆಗುತ್ತದೆ. ನಮ್ಮ ಕಾದಂಬರಿಗಳಲ್ಲಿ ಸಾಮಾನ್ಯವಾಗಿ ಒಂದು ಫಾರಂಗೆ 16 ಪುಟ. ಬೈಂಡಿಂಗ್‌ನಲ್ಲಿ ತಪ್ಪಿದರೆ 16 ಪುಟ ಒಟ್ಟಿಗೆ ಹೋಗುತ್ತದೆ. ನಾನು ತಂದ ಒಂದು ಪತ್ತೇದಾರಿಯಲ್ಲಿ 81ರಿಂದ 96 ಎರಡು ಸಲ ಇತ್ತು, 97ರಿಂದ 112 ಇರಲೇ ಇಲ್ಲ. ಕೊಲೆ ಆದದ್ದು ಆ ಹದಿನಾರು ಪುಟದಲ್ಲೇ. ಈಗ 17, 33, 49, 65 ಅಂತ ಜಿಗಿದು ಜಿಗಿದು ನೋಡುತ್ತೇನೆ. ಅರ್ಧ ನಿಮಿಷದ ಕೆಲಸ. ಪುಟ ಮಡಚಿದರೆ ಮುರಿಯುವಷ್ಟು ಕಂದಾಗಿದ್ದರೆ ಲೋಕಲ್‌ನಲ್ಲಿ ಓದೋಕೆ ಆಗುವುದಿಲ್ಲ, ಮನೆಯಲ್ಲಿ ಮೇಜಿನ ಮೇಲೆ ಇಟ್ಟೇ ಓದಬೇಕು. ಬೆಲೆ "1-8-0" ಅಂತ ಇದ್ದರೆ ಒಂದು ರೂಪಾಯಿ ಎಂಟಾಣೆ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂತಲ್ಲ, ಆಣೆಯ ಬೆಲೆ ಇರುವ ಪುಸ್ತಕ ಸಾಮಾನ್ಯವಾಗಿ ಅದಕ್ಕೂ ಹಿಂದಿನದು. ಅವನಿಗೆ ಇದನ್ನು ಹೇಳಿಕೊಟ್ಟಿಲ್ಲ. ಹೇಳಿದರೆ ಬೆರಳ ರೇಟು ಹೋಗಿ ಬೇರೆ ರೇಟು ಬರುತ್ತದೆ. ಇಷ್ಟು ಸ್ವಾರ್ಥ ನನಗಿದೆ.

ಮನೆಗೆ ತಂದ ತಕ್ಷಣ ಕಪಾಟಿಗೆ ಇಡಬೇಡಿ. ಹುಳ ಇರುತ್ತದೆ. ನಾನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿ ಒಂದು ವಾರ ಇಡುತ್ತೇನೆ. ಹೊರಗೆ ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಹಾಗೇ ಬಿಟ್ಟರೆ ಹಾಳೆಗೆ ನೀರು ಕೂರುವುದಿಲ್ಲ. ಅತ್ತೆ ಮೊದಲು ರೇಗಿದರು, "ಮೀನು ಇಡುವ ಜಾಗದಲ್ಲಿ ಸರಸ್ವತಿಯೇನೇ?" ಅಂತ. ಈಗ ಅವರೇ "ಸರಸ್ವತಿ ಕರಗಿದಳಾ ನೋಡು" ಅನ್ನುತ್ತಾರೆ. ಆ ಮೇಲೆ ಕಪಾಟಿನಲ್ಲಿ ನುಸಿಗುಳಿಗೆ ಹಾಕಿದರೆ ಸಾಕು.

ಬೈಯಬೇಕಾದ್ದನ್ನೂ ಬೈಯುತ್ತೇನೆ. ಮಳೆಗಾಲದಲ್ಲಿ ಈ ಅಂಗಡಿಯನ್ನು ನಂಬಬೇಡಿ. ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ಕಡೆ ನೀರು ನಿಲ್ಲುವುದು ಇಡೀ ಮುಂಬೈಗೆ ಗೊತ್ತು. 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿಯಿತಲ್ಲ, ಆವತ್ತು ಇವನ ಅಪ್ಪನ ಮಾಲೆಲ್ಲ ಹೋಯಿತಂತೆ. ಅದಕ್ಕೇ ಈಗ ಮೋಡ ಕಪ್ಪಾದರೆ ಸಾಕು, ಗಿರಾಕಿ ಎದುರಿಗೆ ನಿಂತಿದ್ದರೂ ಟಾರ್ಪಾಲು ಎಳೆದುಬಿಡುತ್ತಾನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂದ ಪುಸ್ತಕಕ್ಕೆ ಒದ್ದೆ ಗೋಣಿಚೀಲದ ವಾಸನೆ. ಹೊಸ ಪುಸ್ತಕ ಕೇಳಲೇಬೇಡಿ. ಕಳೆದ ಹತ್ತು ವರ್ಷದಲ್ಲಿ ಕನ್ನಡದಲ್ಲಿ ಏನು ಬಂತು ಅಂತ ಇಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ನಾನು ಊರಿಗೆ ಹೋದಾಗ ಕೊಳ್ಳುತ್ತೇನೆ, ಇಲ್ಲಾ ಬೆಂಗಳೂರಿನಿಂದ ತರಿಸುತ್ತೇನೆ. ಮಕ್ಕಳ ಪುಸ್ತಕವೂ ಅಪರೂಪ. ಮತ್ತೆ, ಇಂಥದ್ದೇ ಬೇಕು ಅಂತ ಪಟ್ಟಿ ಹಿಡಿದು ಹೋಗುವವರಿಗೆ ಇದು ಜಾಗವಲ್ಲ. ನನ್ನ ಆಫೀಸಿನ ಗೆಳತಿ ಹಾಗೆ ಹೋಗಿ, ಸಿಟ್ಟು ಮಾಡಿಕೊಂಡು ಬಂದಳು.

ಇಷ್ಟೆಲ್ಲ ಹೇಳಿ ಕೊನೆಗೆ ಹೇಳೋಣ ಅಂತ ಒಂದು ಪುಸ್ತಕ ಇಟ್ಟುಕೊಂಡಿದ್ದೆ. ಹೋದ ಜನವರಿಯಲ್ಲಿ ಸಿಕ್ಕಿದ್ದು. ಅದು ಅಚ್ಚಾದ ಪುಸ್ತಕ ಅಲ್ಲ. ವಾರಪತ್ರಿಕೆಯಲ್ಲಿ ಬಂದ ಧಾರಾವಾಹಿಯ ಹಾಳೆಗಳನ್ನು ಯಾರೋ ಮನೆಯಲ್ಲೇ ಕತ್ತರಿಸಿ, ಬಿಳಿ ದಾರದಲ್ಲಿ ಹೊಲಿದು, ಮೈದಾ ಅಂಟು ಹಾಕಿ ಕಟ್ಟಿದ್ದು. ನಮ್ಮ ಅಮ್ಮ, ದೊಡ್ಡಮ್ಮ ಎಲ್ಲ ಹೀಗೆ ಮಾಡುತ್ತಿದ್ದರು. ನಿಮ್ಮ ಮನೆಯಲ್ಲೂ ಮಾಡುತ್ತಿದ್ದರು, ಅಲ್ವಾ? ಹೊದಿಕೆಗೆ 1974ರ ಕ್ಯಾಲೆಂಡರ್ ಹಾಳೆ, ಹಿಂಬದಿ ಹೊರಗೆ ಬರುವ ಹಾಗೆ. ಮೊದಲ ಹಾಳೆ ಹರಿದು ಹೋಗಿದೆ. ಹಾಗಾಗಿ ಕಾದಂಬರಿಯ ಹೆಸರು ಗೊತ್ತಿಲ್ಲ, ಬರೆದವರು ಗೊತ್ತಿಲ್ಲ. ಅಂಚನ್ನು ಎಷ್ಟು ಒತ್ತಿ ಕತ್ತರಿಸಿದ್ದಾರೆ ಅಂದರೆ ಯಾವ ಪತ್ರಿಕೆ ಅಂತಲೂ ಉಳಿದಿಲ್ಲ. ಹಾಳೆಯ ಹಿಂದೆ ಅರ್ಧರ್ಧ ಜಾಹೀರಾತು: ಅರ್ಧ ಸೋಪು, ಅರ್ಧ ಹೊಲಿಗೆ ಮಷಿನ್, ಕೂದಲೆಣ್ಣೆ ಹಚ್ಚಿದ ಹೆಂಗಸಿನ ಜಡೆ ಮಾತ್ರ, ಮುಖ ಇಲ್ಲ.

ಒಂದು ಬೆರಳು ದಪ್ಪ. 40 ರೂಪಾಯಿ.

ಸುಮ್ನೆ ನೋಡೋಣ ಅಂತ ಹತ್ತಿದ ಟ್ರೇನಿನಲ್ಲಿ ಶುರುಮಾಡಿದೆ. ಡೊಂಬಿವಲಿ ಬಿಟ್ಟು ಕಲ್ಯಾಣಕ್ಕೆ ಹೋಗಿ ಇಳಿದೆ. ಶಿರಸಿ ಕಡೆಯ ಅಡಕೆ ತೋಟದ ಮನೆ. ಗಂಡ ಸತ್ತ ಹುಡುಗಿ ಒಬ್ಬಳು. ಮನೆಯಲ್ಲಿ ಎಲ್ಲರೂ ಒಳ್ಳೆಯವರೇ, ಆದರೆ ಅವಳು ಇನ್ನು ಮುಂದೆ ಏನು ಮಾಡಬೇಕು ಅಂತ ಅವಳೊಬ್ಬಳನ್ನು ಬಿಟ್ಟು ಎಲ್ಲರೂ ಮಾತಾಡುತ್ತಾರೆ. 14ನೇ ಕಂತಿನ ಕೊನೆಯಲ್ಲಿ ಅವಳು ಬೆಳಗಿನ ಜಾವ ಒಂದು ಟ್ರಂಕು ಹಿಡಿದು ಬಸ್ಸಿಗೆ ಕಾಯುತ್ತಾ ನಿಂತಿದ್ದಾಳೆ. ಮಾವ ದೂರದಿಂದ ಬರುವುದು ಕಾಣುತ್ತದೆ. ಅಲ್ಲಿಗೆ "ಮುಂದುವರಿಯುವುದು". ಪುಟ ತಿರುಗಿಸಿದರೆ 18ನೇ ಕಂತು. ಅವಳು ಯಾವುದೋ ಊರಿನಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಳೆ. ಟ್ರಂಕಿನ ಸುದ್ದಿ ಯಾರೂ ಎತ್ತುವುದಿಲ್ಲ. ಮಾವ ತೀರಿಕೊಂಡಾಗಿದೆ.

ನಡುವೆ, 14ನೇ ಕಂತಿನ ಕೆಳಗೆ ಉಳಿದ ಜಾಗದಲ್ಲಿ ಪೆನ್ಸಿಲಿನಲ್ಲಿ ಎರಡು ಸಾಲು. ಅಕ್ಷರ ದುಂಡಗಿದೆ, ಶಾಲೆ ಕಲಿತ ಹೆಂಗಸಿನದು ಅಂತ ನನ್ನ ಊಹೆ. "ರೈಲು ಮುಷ್ಕರ. ಮೂರು ವಾರ ಪತ್ರಿಕೆ ಬರಲಿಲ್ಲ." 1974ರ ಮೇ 8ರಿಂದ 27ರವರೆಗೆ ದೇಶದ ರೈಲಿನವರೆಲ್ಲ ಮುಷ್ಕರ ಹೂಡಿದ್ದರಲ್ಲ, ಅದೇ ಇರಬೇಕು. ಅದರ ಕೆಳಗೆ ಶಾಯಿಯಲ್ಲಿ, ಬಹುಶಃ ಬಹಳ ದಿನದ ಮೇಲೆ, "ಊರಿನಲ್ಲಿ ಕೇಳಬೇಕು." ಕೇಳಿದರೋ ಇಲ್ಲವೋ. ಹಾಳೆ ಮಾತ್ರ ಸೇರಿಲ್ಲ. ಹೊಲಿಗೆಯಲ್ಲಿ ಆ ಜಾಗದಲ್ಲಿ ಮೂರು ಸಣ್ಣ ಪಟ್ಟಿ ಕಾಗದ ಸೇರಿಸಿ ಹೊಲಿದಿದ್ದಾರೆ, ಸಿಕ್ಕರೆ ಅಂಟಿಸೋಕೆ.

ಅದನ್ನು ವಾಪಸ್ ಕೊಟ್ಟಿಲ್ಲ. ಕೊಡುವುದೂ ಇಲ್ಲ. ಹಿಂದಿನ ಪುಟದ ಸೊನ್ನೆಯನ್ನು ರಬ್ಬರಿನಲ್ಲಿ ಅಳಿಸಿದ್ದೇನೆ.

ಹೋಗುವವರಿಗೆ ದಾರಿ: ಸೆಂಟ್ರಲ್ ಲೈನಿನ ಮಾಟುಂಗಾದಲ್ಲಿ ಇಳಿಯಿರಿ. 2017ರಲ್ಲಿ ಎಲ್ಲ ಕೆಲಸಕ್ಕೂ ಹೆಂಗಸರನ್ನೇ ಹಾಕಿದರು ಅಂತ ಹೆಸರಾಯಿತಲ್ಲ, ಅದೇ ಸ್ಟೇಷನ್. ಸ್ಲೋ ಗಾಡಿ ಮಾತ್ರ ನಿಲ್ಲುತ್ತದೆ. ಪೂರ್ವಕ್ಕೆ ಹೊರಬಂದು ಹೂವಿನ ಅಂಗಡಿ, ಬಾಳೆ ಎಲೆ ಅಂಗಡಿ ದಾಟಿ ಸರ್ಕಲ್ ಕಡೆ ನಡೆಯಿರಿ. ಭಾನುವಾರ ಹನ್ನೊಂದರ ಮೇಲೆ ಹೋಗಿ. ಅದಕ್ಕೂ ಮುಂಚೆ ಹೋದರೆ ಇಡ್ಲಿಯ ಕ್ಯೂ ಕಂಡು ಪುಸ್ತಕ ಮರೆಯುತ್ತೀರಿ, ನನಗೆ ಎರಡು ಸಲ ಆಗಿದೆ. ಗೂಗಲ್ ಪೇ ನಡೆಯುತ್ತದೆ, ದುಡ್ಡು ಅವನ ಹೆಂಡತಿಯ ಖಾತೆಗೆ ಹೋಗುತ್ತದೆ. ಸ್ಟೂಲಿನ ಕೆಳಗೆ ಕೆಮಿಸ್ಟ್ರಿ ಗೈಡು ಇರುವ ಅಂಗಡಿ.

ಮತ್ತೆ ಒಂದು ಮಾತು. ನಿಮ್ಮ ಊರ ಮನೆಯ ಅಟ್ಟದಲ್ಲಿ 1974ರ ಮೇ ತಿಂಗಳಿನ ಯಾವುದಾದರೂ ವಾರಪತ್ರಿಕೆ ಇದ್ದು, ಅದರಲ್ಲಿ ಟ್ರಂಕು ಹಿಡಿದು ಬಸ್ಸಿಗೆ ಕಾಯುವ ಹುಡುಗಿಯ ಕತೆ ಇದ್ದರೆ, 15, 16, 17ನೇ ಕಂತು, ಜೆರಾಕ್ಸ್ ಆದರೂ ಸಾಕು. ಅಂಗಡಿಯಲ್ಲಿ ಕೊಟ್ಟಿಡಿ. ಜಲೇಬಿ ಮೇಡಂಗೆ ಅಂದರೆ ಅವನಿಗೆ ಗೊತ್ತಾಗುತ್ತದೆ.